ಕಲಾಯಿಯ ಕೆಳಗಿನ ಮಣ್ಣು: ಒಂದು ಇಂಗ್ಲಿಷ್ ಹರಿವಾಣದ ಓದು

ನನ್ನ ನಾನಾ ಬೀದರಿನಲ್ಲಿ ಕಲಾಯಿ ಹಾಕುತ್ತಿದ್ದರು. ತಿದಿ, ಇದ್ದಿಲು, ನವಸಾಗರ, ತವರದ ಕಡ್ಡಿ, ಒಂದು ಮುದ್ದೆ ಹತ್ತಿ, ಇಷ್ಟೇ ಅವರ ಅಂಗಡಿ. ಓಣಿಯ ಬೇವಿನ ಮರದ ಕೆಳಗೆ ಕೂತರೆ ಮನೆಮನೆಯಿಂದ ತಾಮ್ರದ ದೇಗ್ಚಿ, ಹಂಡೆ, ತಪ್ಪಲೆ ಬರುತ್ತಿದ್ದವು. ಈದ್ ಹತ್ತಿರ ಬಂದರಂತೂ ಸಾಲು. ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರ ಉದುರಿಸಿ, ತವರ ತಾಗಿಸಿ, ಹತ್ತಿಯಿಂದ ಒಂದು ಸುತ್ತು ಉಜ್ಜಿದರೆ ಸಾಕು, ಕೆಂಪು ತಾಮ್ರ ಕಣ್ಣ ಮುಂದೆಯೇ ಬೆಳ್ಳಗಾಗುತ್ತಿತ್ತು. ಮಕ್ಕಳಾದ ನಮಗೆ ಅದು ಜಾದೂ. ನಾನಾ ಮಾತ್ರ ಹೇಳುತ್ತಿದ್ದರು: "ಇದು ಚಂದಕ್ಕಲ್ಲ ಬೇಟಿ, ತಾಮ್ರದ ಕಿಲುಬು ಅನ್ನಕ್ಕೆ ಇಳೀಬಾರದು ಅಂತ."

ಉರ್ದುವಿನಲ್ಲಿ "ಕಲಈ ಖುಲ್ ಗಯೀ" ಅನ್ನುವ ಮಾತಿದೆ. ಮೇಲಿನ ತವರ ಸವೆದು ಒಳಗಿನ ಲೋಹ ಕಂಡಿತು, ಅಂದರೆ ಬಣ್ಣ ಬಯಲಾಯಿತು ಅಂತ ಅರ್ಥ. ಇವತ್ತು ನಾನು ಬರೆಯಹೊರಟಿರುವುದು ಇಂಗ್ಲೆಂಡಿನ ಒಂದು ಮಣ್ಣಿನ ತಟ್ಟೆಯ ಬಗ್ಗೆ. ಸುಮಾರು 350 ವರ್ಷ ಹಳೆಯದು. ಅದರ ಬಿಳುಪಿನ ಗುಟ್ಟೂ ತವರವೇ. ಅದಕ್ಕೇ ನಾನಾ ನೆನಪಾದರು.

ಹೈದರಾಬಾದಿನಲ್ಲಿ ನಾನು ಪಾಠ ಹೇಳುವ ಶಾಲೆಯ 9ನೇ ತರಗತಿಯಲ್ಲಿ ಒಂದು ದಿನ ಈ ತಟ್ಟೆಯ ಫೋಟೋವನ್ನು ಪರದೆಯ ಮೇಲೆ ತೋರಿಸಿದೆ. ಒಬ್ಬ ಹುಡುಗ ಎದ್ದು ನಿಂತು, "ಮಿಸ್, ಇದು ಇಂಗ್ಲಿಷರ ತಟ್ಟೆ. ಇದನ್ನ ನೋಡಿ ನಮಗೇನಾಗಬೇಕು?" ಅಂದ. ಈ ಬಿಳಿ ಲೇಪದ ವಿದ್ಯೆ ಇರಾಕಿನ ಕಡೆಯಿಂದ ಬಂದದ್ದು ಅಂತ ನಾನು ಹೇಳಿದ್ದೇ ತಡ, ಹಿಂದಿನ ಬೆಂಚಿನಿಂದ ಇನ್ನೊಬ್ಬ ಕೂಗಿದ: "ಹಾಗಾದ್ರೆ ನಮ್ಮಿಂದಲೇ ಕದ್ದಿದ್ದು!" ಇಡೀ ತರಗತಿ ಚಪ್ಪಾಳೆ ಹೊಡೆಯಿತು. ನಾನು ನಗಾಡಿ ಪಾಠ ಮುಂದುವರಿಸಿದೆ. ಆದರೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಅದೇ ಯೋಚನೆ. "ನಮಗೇನು" ಅನ್ನುವುದೂ ತಪ್ಪು, "ನಮ್ಮದೇ" ಅನ್ನುವುದೂ ತಪ್ಪು ಅನ್ನಿಸಿತು. ಯಾಕೆ ತಪ್ಪು ಅಂತ ಆ ಮಕ್ಕಳಿಗೆ ಅವತ್ತು ಸರಿಯಾಗಿ ಹೇಳಲಾಗಲಿಲ್ಲ. ಈ ಬರಹ ಆ ಬಾಕಿ ಪಾಠ ಅಂತ ತಿಳಿದುಕೊಳ್ಳಿ.

ಮೊದಲು ತಟ್ಟೆಯನ್ನೇ ನೋಡೋಣ. ನಾನು ಇದನ್ನು ಕೈಯಲ್ಲಿ ಹಿಡಿದವಳಲ್ಲ, ನೋಡಿದ್ದೆಲ್ಲ ಮ್ಯೂಸಿಯಂಗಳವರು ಅಂತರ್ಜಾಲದಲ್ಲಿ ಇಟ್ಟಿರುವ ಫೋಟೋಗಳಲ್ಲಿ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂನಲ್ಲಿ, ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ಮ್ಯೂಸಿಯಂನಲ್ಲಿ ಈ ಜಾತಿಯ ತಟ್ಟೆಗಳು ಹಲವು ಇವೆ. ಕೇಂಬ್ರಿಜ್‌ನಲ್ಲಿರುವುದರಲ್ಲಿ ಬಹುಪಾಲನ್ನು ಕೂಡಿಸಿಟ್ಟದ್ದು ಗ್ಲೇಶರ್ ಎಂಬ ಗಣಿತಜ್ಞ. 1928ರಲ್ಲಿ ಅವರು ತೀರಿಕೊಂಡಾಗ ಇಡೀ ಸಂಗ್ರಹ ಮ್ಯೂಸಿಯಂ ಪಾಲಾಯಿತು.

ಇದು ಊಟದ ತಟ್ಟೆಯ ಅಳತೆಯದ್ದಲ್ಲ, ನಮ್ಮ ಹರಿವಾಣದಷ್ಟು ದೊಡ್ಡದು. ಅಡ್ಡಳತೆ 35ರಿಂದ 40 ಸೆಂಟಿಮೀಟರ್ ಆಸುಪಾಸು. ದಪ್ಪ ಮಣ್ಣು. ಅಂಚಿನ ಸುತ್ತ ಓರೆಯಾಗಿ ಎಳೆದ ನೀಲಿ ಗೆರೆಗಳು, ಹಗ್ಗ ಹೊಸೆದ ಹಾಗೆ. ಈ ಗೆರೆಗಳಿಂದಲೇ ಸಂಗ್ರಾಹಕರು ಇವಕ್ಕೆ ಬ್ಲೂ ಡ್ಯಾಶ್ ಚಾರ್ಜರ್ ಅಂತ ಹೆಸರಿಟ್ಟಿದ್ದಾರೆ. ನಡುವೆ ಒಂದು ಮರ. ಮರಕ್ಕೆ ಸುತ್ತಿಕೊಂಡ ಹಾವು. ಒಂದು ಕಡೆ ಗಂಡು, ಇನ್ನೊಂದು ಕಡೆ ಹೆಣ್ಣು, ಮಾನ ಮುಚ್ಚಲು ಎಲೆ. ಹೆಣ್ಣಿನ ಕೈಯಲ್ಲಿ ಹಣ್ಣು. ಯಾರೆಂದು ಬಿಡಿಸಿ ಹೇಳಬೇಕಿಲ್ಲ, ಆದಂ ಮತ್ತು ಹವ್ವಾ. 17ನೇ ಶತಮಾನದ ಮೊದಲ ಭಾಗದಿಂದ 18ನೇ ಶತಮಾನದ ತನಕ ಲಂಡನ್ ಮತ್ತು ಬ್ರಿಸ್ಟಲ್ ಕಡೆಯ ಕುಂಬಾರರು ಇದೇ ಚಿತ್ರವನ್ನು ಮತ್ತೆಮತ್ತೆ ಬರೆದರು. ಇದೇ ಅಳತೆಯ ತಟ್ಟೆಗಳ ಮೇಲೆ ಟ್ಯೂಲಿಪ್ ಹೂ ಬರೆದರು, ಎರಡನೇ ಚಾರ್ಲ್ಸ್, ಮೂರನೇ ವಿಲಿಯಂ ಮುಂತಾದ ದೊರೆಗಳನ್ನೂ ಬರೆದರು.

ಉಣ್ಣುವುದಕ್ಕಿಂತ ಗೋಡೆಗೆ ತೂಗುಹಾಕಲು, ಕಪಾಟಿನಲ್ಲಿ ನಿಲ್ಲಿಸಲು ಮಾಡಿದ ತಟ್ಟೆ ಇದು. ಎಷ್ಟೋ ತಟ್ಟೆಗಳ ಹಿಂಬದಿಯ ಪಾದದ ಬಳೆಯಲ್ಲಿ ದಾರ ಕಟ್ಟಲು ತೂತು ಇದೆ. ಹಿಂಬದಿ ಅಂದೆನಲ್ಲ, ಆ ಮಾತು ನೆನಪಿರಲಿ. ಮುಂಬದಿ ಬೆಳ್ಳಗೆ, ಬಣ್ಣಬಣ್ಣ. ತಿರುಗಿಸಿದರೆ ಹಿಂಬದಿಗೆ ಬರೀ ಸೀಸದ ಲೇಪ. ಅದು ಪಾರದರ್ಶಕ, ಹಳದಿಯೋ ಹಸಿರೋ ಛಾಯೆ, ಅದರೊಳಗೆ ಮಣ್ಣಿನ ಬಣ್ಣ ಹಾಗೇ ಕಾಣುತ್ತದೆ. ಕಾರಣ ಸರಳ. ತವರ ದುಬಾರಿ. ಜನ ನೋಡುವ ಕಡೆ ತವರ, ಗೋಡೆ ನೋಡುವ ಕಡೆ ಸೀಸ. ನಮ್ಮ ಮನೆಗಳಲ್ಲೂ ಬೀದಿ ಕಡೆ ಗೋಡೆಗೆ ಮಾತ್ರ ಬಣ್ಣ ಹೊಡೆಸೋರು ಇದಾರಲ್ಲ, ಹಾಗೆ.

ಈ ಬಿಳುಪನ್ನು ಮಾಡುತ್ತಿದ್ದದ್ದು ಹೇಗೆ? ತವರ ಮತ್ತು ಸೀಸವನ್ನು ಸೇರಿಸಿ ಕಾಯಿಸಿ ಬೂದಿ ಮಾಡುತ್ತಾರೆ. ಅದಕ್ಕೆ ಮರಳು, ಕ್ಷಾರ ಬೆರೆಸಿ ಕರಗಿಸಿ ಗಾಜು ಮಾಡುತ್ತಾರೆ. ಗಾಜನ್ನು ನುಣ್ಣಗೆ ಅರೆದು ನೀರಿನಲ್ಲಿ ಕಲಸುತ್ತಾರೆ. ಒಮ್ಮೆ ಸುಟ್ಟ ಮಣ್ಣಿನ ತಟ್ಟೆಯನ್ನು ಈ ನೀರಿನಲ್ಲಿ ಅದ್ದಿ ತೆಗೆದರೆ ಮೈಮೇಲೆ ಬಿಳಿ ಪುಡಿಯ ಪದರ ಕೂರುತ್ತದೆ. ಅದರ ಮೇಲೆ ಚಿತ್ರ ಬರೆದು ಮತ್ತೊಮ್ಮೆ ಗೂಡಿನಲ್ಲಿ ಸುಡಬೇಕು, ಸುಮಾರು 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಗಾಜಿನೊಳಗೆ ತವರದ ಆಕ್ಸೈಡಿನ ಕಣಗಳು ಕರಗದೆ ಉಳಿದು ಬೆಳಕನ್ನು ಚದುರಿಸುತ್ತವೆ. ಅದಕ್ಕೇ ಒಳಗಿನ ಕಂದು ಮಣ್ಣು ಕಾಣದೆ ಬಿಳುಪು ಮಾತ್ರ ಕಾಣುವುದು. ನಾನಾ ಹಾಕುತ್ತಿದ್ದ ಕಲಾಯಿಯಲ್ಲಿ ತವರ ಲೋಹವಾಗಿಯೇ ಉಳಿಯುತ್ತದೆ, ಇಲ್ಲಿ ಗಾಜಿನೊಳಗೆ ಸೇರುತ್ತದೆ. ಕೆಲಸ ಬೇರೆ, ಲೋಹ ಒಂದೇ. ಕಲಾಯಿ ಅನ್ನುವ ನಮ್ಮ ಪದ ಬಂದದ್ದೂ ತವರಕ್ಕಿರುವ ಅರಬಿ ಹೆಸರಿನಿಂದ.

ಬಣ್ಣ ಹಚ್ಚುವ ಘಟ್ಟ ಕಷ್ಟದ್ದು. ಆ ಒಣ ಬಿಳಿ ಪುಡಿಗೆ ಕುಂಚ ತಾಗಿದ ಕೂಡಲೇ ನೀರು ಹೀರಿಹೋಗುತ್ತೆ. ಬರೆದದ್ದು ಬರೆದ ಹಾಗೆ. ಕರಿಹಲಗೆಯಲ್ಲಾದರೆ ತಪ್ಪು ಬರೆದರೆ ಡಸ್ಟರ್ ಇದೆ, ಇಲ್ಲಿ ಇಲ್ಲ. ಆದ್ದರಿಂದ ಬರೆಯುವವನ ಕೈ ನಿಲ್ಲದೆ ಓಡಬೇಕು. ಕೋಬಾಲ್ಟ್‌ನಿಂದ ನೀಲಿ, ತಾಮ್ರದಿಂದ ಹಸಿರು, ಆಂಟಿಮನಿಯಿಂದ ಹಳದಿ, ಮ್ಯಾಂಗನೀಸ್‌ನಿಂದ ನೇರಳೆ. ಗೂಡಿನ ಶಾಖ ತಡೆಯುವ ಬಣ್ಣಗಳು ಬೆರಳೆಣಿಕೆಯಷ್ಟೇ. ಆ ನಾಲ್ಕೈದರಲ್ಲೇ ಜನ್ನತ್ತಿನ ತೋಟ ಬರೆಯಬೇಕು.

ಈಗ ಹುಡುಗರ ಪ್ರಶ್ನೆಗೆ ಬರೋಣ. ಈ ವಿದ್ಯೆ ಲಂಡನ್ನಿಗೆ ಬಂದದ್ದು ಹೇಗೆ?

8-9ನೇ ಶತಮಾನದಲ್ಲಿ ಈಜಿಪ್ಟ್, ಶಾಮ್, ಇರಾಕ್ ಪ್ರದೇಶಗಳ ಕುಂಬಾರರು ಗಾಜಿನ ಲೇಪಕ್ಕೆ ತವರ ಬೆರೆಸುವುದನ್ನು ಕಲಿತರು. ಅದು ಹಸನಾದದ್ದು ಅಬ್ಬಾಸಿ ಖಲೀಫರ ಕಾಲದ ಬಸ್ರಾದಲ್ಲಿ. ಆಗ ಚೀನಾದಿಂದ ಹಡಗುಗಳಲ್ಲಿ ಬಿಳಿ ಪಾತ್ರೆಗಳು ಬರುತ್ತಿದ್ದವು. ಅದು ಎಷ್ಟು ದೊಡ್ಡ ವ್ಯಾಪಾರ ಅನ್ನುವುದಕ್ಕೆ 1998ರಲ್ಲಿ ಇಂಡೋನೇಷ್ಯಾದ ಬೆಲಿಟುಂಗ್ ದ್ವೀಪದ ಬಳಿ ಸಿಕ್ಕ ಮುಳುಗಡೆ ಹಡಗೇ ಸಾಕ್ಷಿ. 9ನೇ ಶತಮಾನದ ಆ ಹಡಗಿನಲ್ಲಿ ಸುಮಾರು 60,000 ಚೀನಿ ಪಾತ್ರೆಗಳಿದ್ದವು. ಬಸ್ರಾದ ಕುಂಬಾರರಿಗೆ ಆ ಬಿಳುಪು ಬೇಕಿತ್ತು. ಆದರೆ ಅವರ ಬಳಿ ಚೀನಾದ ಬಿಳಿ ಮಣ್ಣೂ ಇರಲಿಲ್ಲ, 1300 ಡಿಗ್ರಿ ಶಾಖದ ಗೂಡೂ ಇರಲಿಲ್ಲ. ಇದ್ದದ್ದು ಸುಣ್ಣದಂಶದ ಹಳದಿ ಮಣ್ಣು. ಅದಕ್ಕೆ ತವರದ ಬಿಳಿ ಲೇಪ ಕೊಟ್ಟು ಆಕಾರದಲ್ಲಿ ಚೀನಿ ಬಟ್ಟಲನ್ನೇ ಹೋಲುವ ಬಟ್ಟಲು ಮಾಡಿದರು. ಆಮೇಲೆ ಚೀನಿಯರು ಕಳಿಸದ ಒಂದು ಕೆಲಸ ಮಾಡಿದರು. ಆ ಬಿಳಿಯ ಮೇಲೆ ಕೋಬಾಲ್ಟ್ ನೀಲಿಯಲ್ಲಿ ಎಲೆ ಬರೆದರು, ಬಳ್ಳಿ ಬರೆದರು, ಅರಬಿ ಅಕ್ಷರದಲ್ಲಿ ಬರಕತ್ತಿನ ಹಾರೈಕೆ ಬರೆದರು. ಕೆಲವರು ಮಾಡಿದವನ ಹೆಸರನ್ನೂ ಬರೆದರು. ಬಿಳಿಯ ಮೇಲೆ ನೀಲಿ ಅಂದರೆ ಲೋಕಕ್ಕೆಲ್ಲ ಚೀನಾ ನೆನಪಾಗುತ್ತದೆ. ಆದರೆ ಚೀನಾದ ನೀಲಿ-ಬಿಳಿ ಪಾತ್ರೆಗಳು ಹೆಸರಾದದ್ದು 14ನೇ ಶತಮಾನದಲ್ಲಿ. ಬಸ್ರಾದ ಬಟ್ಟಲುಗಳು ಅದಕ್ಕೆ 500 ವರ್ಷ ಮುಂಚಿನವು.

ಅಲ್ಲಿಂದ ವಿದ್ಯೆ ಪಶ್ಚಿಮಕ್ಕೆ ನಡೆಯಿತು. ಉತ್ತರ ಆಫ್ರಿಕಾ ದಾಟಿ ಮುಸ್ಲಿಂ ಸ್ಪೇನ್, ಅಲ್ಲಿ ಮಾಲಗಾ. ಕ್ರಿಶ್ಚಿಯನ್ ದೊರೆಗಳ ಆಳ್ವಿಕೆ ಬಂದ ಮೇಲೂ ವೇಲೆನ್ಸಿಯಾ ಹತ್ತಿರದ ಮನಿಸೆಸ್‌ನಲ್ಲಿ ಮುಸ್ಲಿಂ ಕುಂಬಾರರು ಇದೇ ಲೇಪದ ಹೊನ್ನಿನ ಹೊಳಪಿನ ತಟ್ಟೆ ಮಾಡುತ್ತಿದ್ದರು. ಇಟಲಿಯ ಶ್ರೀಮಂತರು ಅವನ್ನು ತರಿಸಿಕೊಂಡರು. ಆಮೇಲೆ ಇಟಲಿಯವರೇ ಮಾಡಲು ಕಲಿತರು. 16ನೇ ಶತಮಾನದ ಶುರುವಿನಲ್ಲಿ ಗೀದೋ ಎಂಬ ಇಟಲಿಯ ಕುಂಬಾರ ಆಂಟ್ವೆರ್ಪ್‌ಗೆ ಹೋಗಿ ನೆಲೆಸಿ ಗೀದೋ ಆಂಡ್ರೀಸ್ ಆದ. 1567ರಲ್ಲಿ ಅದೇ ಆಂಡ್ರೀಸ್ ಮನೆತನದ ಜಾಸ್ಪರ್ ಮತ್ತು ಜೇಕಬ್ ಜಾನ್ಸೆನ್ ಎಂಬ ಇಬ್ಬರು ಇಂಗ್ಲೆಂಡಿನ ನಾರ್ವಿಚ್‌ಗೆ ಬಂದರು. ಬಂದರು ಅನ್ನುವುದಕ್ಕಿಂತ ಓಡಿ ಬಂದರು ಅನ್ನಬೇಕು. ಆಂಟ್ವೆರ್ಪ್ ಆಗ ಸ್ಪೇನ್ ದೊರೆಯ ಕೈಯಲ್ಲಿತ್ತು, ಪ್ರಾಟೆಸ್ಟೆಂಟರ ಮೇಲೆ ಹಿಂಸೆ ನಡೆದಿತ್ತು. 1570ರಲ್ಲಿ ಅವರು ಎಲಿಜಬೆತ್ ರಾಣಿಗೆ ಅರ್ಜಿ ಹಾಕಿಕೊಂಡರು: ನೆಲದ ಬಿಲ್ಲೆ ಮಾಡ್ತೀವಿ, ಔಷಧ ಅಂಗಡಿಯ ಭರಣಿ ಮಾಡ್ತೀವಿ, ಅಪ್ಪಣೆ ಕೊಡಿ ಅಂತ. ಮರುವರ್ಷ ಜಾನ್ಸೆನ್ ಲಂಡನ್ನಿನ ಆಲ್ಡ್‌ಗೇಟ್‌ನಲ್ಲಿ ಗೂಡು ಹಾಕಿದ. ತಾರೀಖು ಬರೆದ ಇಂಗ್ಲಿಷ್ ತವರಲೇಪದ ತಟ್ಟೆಗಳಲ್ಲಿ ಅತಿ ಹಳೆಯದು 1600ನೇ ಇಸವಿಯದು, ಲಂಡನ್ನಿನ ನಗರ ಮ್ಯೂಸಿಯಂನಲ್ಲಿದೆ. ನಡುವೆ ಕಟ್ಟಡಗಳ ಚಿತ್ರ, ಸುತ್ತ ಎಲಿಜಬೆತ್ ರಾಣಿಗೆ ಹಾರೈಸುವ ಪದ್ಯ. ಆಶ್ರಯ ಕೇಳಿ ಬಂದವರು ಕಟ್ಟಿದ ಕಸುಬು, ಆಶ್ರಯ ಕೊಟ್ಟ ರಾಣಿಗೆ ದುವಾ.

ಅದೇ ಹೊತ್ತಿಗೆ ಸ್ಪೇನ್‌ನಲ್ಲಿ ಏನಾಯಿತು? ಬಲವಂತವಾಗಿ ಮತಾಂತರ ಮಾಡಿಸಿದ್ದ ಮುಸ್ಲಿಮರ ಮಕ್ಕಳು ಮೊಮ್ಮಕ್ಕಳನ್ನು, ಅಂದರೆ ಮೊರಿಸ್ಕೊಗಳನ್ನು, 1609ರಿಂದ 1614ರ ತನಕ ದೇಶದಿಂದ ಹೊರಗೆ ಹಾಕಿದರು. ಸುಮಾರು 3 ಲಕ್ಷ ಜನ. ಶುರುವಾದದ್ದೇ ವೇಲೆನ್ಸಿಯಾದಿಂದ. ಮನಿಸೆಸ್‌ನ ಗೂಡುಗಳ ಮುಂದೆ ಕೂತಿದ್ದ ಕೈಗಳೂ ಹಡಗು ಹತ್ತಿದವು. ಹೀಗೆ ಒಂದು ತುದಿಯಲ್ಲಿ ಓಡಿ ಬಂದವರು ಗೂಡು ಹಚ್ಚಿದರು, ಇನ್ನೊಂದು ತುದಿಯಲ್ಲಿ ಗೂಡು ಹಚ್ಚಿದವರನ್ನು ಓಡಿಸಿದರು. ಈ ಎರಡೂ ಸಂಗತಿ ಆ ಒಂದು ತಟ್ಟೆಯ ಲೇಪದೊಳಗಿದೆ. ಊರು ಬಿಟ್ಟು ಪರಊರಲ್ಲಿ ದುಡಿದು, ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಒಂದು ಭಾಷೆ ಆಡಿಕೊಂಡು ಬದುಕುವ ನಮ್ಮಂಥವರಿಗೆ ಇದು ದೂರದ ಕಥೆ ಅನ್ನಿಸಬಾರದು.

ಈಗ ಹೆಸರುಗಳನ್ನು ನೋಡಿ. ನನ್ನ ವಿಮರ್ಶೆಯ ಮುಖ್ಯ ಮಾತು ಇಲ್ಲಿದೆ. ಇಟಲಿಯಲ್ಲಿ ಇದಕ್ಕೆ ಮಯೋಲಿಕಾ ಅಂತಾರೆ. ಸ್ಪೇನ್‌ನ ಮಾಲು ಬರುತ್ತಿದ್ದ ದಾರಿಯ ಮಯೋರ್ಕಾ ದ್ವೀಪದಿಂದ ಆ ಹೆಸರು ಬಂತು ಅನ್ನುವುದು ರೂಢಿಯ ವಿವರಣೆ. ಫ್ರೆಂಚರು ಫಯಾನ್ಸ್ ಅಂತಾರೆ, ಇಟಲಿಯ ಫಾಯೆಂಜಾ ಊರಿನಿಂದ. ಇಂಗ್ಲಿಷರು ಡೆಲ್ಫ್ಟ್ ಅಂತಾರೆ, ಹಾಲೆಂಡಿನ ಡೆಲ್ಫ್ಟ್ ಊರಿನಿಂದ. ಆಂಟ್ವೆರ್ಪ್‌ನವರು ಲಂಡನ್ನಿಗೆ ಬಂದಾಗ ಡೆಲ್ಫ್ಟ್‌ನ ಪಾತ್ರೆಗಳಿಗೆ ಇನ್ನೂ ಹೆಸರೇ ಬಂದಿರಲಿಲ್ಲ. ಮೊದಲು ಲಂಡನ್ನಿನವರು ಇದನ್ನು ಕರೆಯುತ್ತಿದ್ದದ್ದು ಗ್ಯಾಲಿ ಪಾತ್ರೆ ಅಂತ. ಡೆಲ್ಫ್ಟ್ ಅನ್ನುವುದು ಆಮೇಲೆ ಅಂಟಿದ ಚೀಟಿ. ಗಮನಿಸಿದಿರಾ? ಒಂದೊಂದು ಭಾಷೆಯೂ ತಾನು ಕೊನೆಗೆ ಕೊಂಡ ಅಂಗಡಿಯ ಹೆಸರನ್ನು ಇಟ್ಟುಕೊಂಡಿದೆ. ಬಸ್ರಾದ ಹೆಸರು ಒಂದರಲ್ಲೂ ಇಲ್ಲ. ಮಾರಾಟದ ಪಟ್ಟಿಗಳಲ್ಲಿ "ಇಂಗ್ಲಿಷ್ ಡೆಲ್ಫ್ಟ್, ಆದಂ-ಹವ್ವಾ, ಅಂಚು ಚೂರು ಮುಕ್ಕು" ಅನ್ನುವ ಧಾಟಿಯ ವಿವರ ಓದಿದಾಗ ಇದರಲ್ಲಿ ಸುಳ್ಳು ಏನೂ ಇಲ್ಲ ಅನ್ನಿಸುತ್ತದೆ. ಆದರೆ 800 ವರ್ಷದ ದಾರಿಯ ಮೇಲೆ ಎರಡು ಪದದ ಕಲಾಯಿ ಎಳೆದ ಹಾಗಾಗಿದೆ.

ಹಾಗಂತ "ನಮ್ಮಿಂದಲೇ ಕದ್ದಿದ್ದು" ಅಂದ ಹುಡುಗನ ಪರ ವಹಿಸಲೇ? ಆಗಲ್ಲ. ಬಸ್ರಾದವರು ನೋಡಿ ಕಲಿತದ್ದು ಚೀನಾದ ಬಟ್ಟಲನ್ನು. ಅರಬಿಯಲ್ಲಿ ದೊಡ್ಡ ತಟ್ಟೆಗೆ ಸೀನಿಯ್ಯಾ ಅಂತಾರೆ, ಚೀನಾದ್ದು ಅಂತ ಅರ್ಥ. ನಮ್ಮ ಮದುವೆ ಮನೆಗಳಲ್ಲಿ ಸೀನಿ ಅನ್ನುವುದೂ ಅದೇ ಪದ. ಇಂಗ್ಲೆಂಡಿನಲ್ಲಾದರೋ ಕಾರ್ನ್‌ವಾಲ್‌ನಲ್ಲಿ ತವರದ ಗಣಿಗಳೇ ಇದ್ದವು. ಸಾಲ ಕೊಟ್ಟವರೂ ಸಾಲಗಾರರೇ. ಕನ್ನಡದ ಪಿಂಗಾಣಿ ಪದವನ್ನೇ ತಗೊಳ್ಳಿ. ಪಾರ್ಸಿಯಲ್ಲಿ ಪಿಂಗಾನ್ ಅಂದರೆ ಬಟ್ಟಲು, ಅರಬಿಯ ಫಿಂಜಾನ್ ಅದರ ನಂಟ. ಕನ್ನಡದ ಯಾವ ಅಜ್ಜಿಯೂ ಪಿಂಗಾಣಿ ಬಟ್ಟಲಲ್ಲಿ ಉಪ್ಪಿನಕಾಯಿ ಇಡುವಾಗ "ಇದು ಪಾರ್ಸಿ ಪದ, ವಾಪಸ್ ಕೊಡಿ" ಅನ್ನುವ ಮಾತು ಕೇಳಬೇಕಾಗಿಲ್ಲ. ಅದು ಈಗ ಅಚ್ಚ ಕನ್ನಡ.

ಆದರೆ ಯಾರೂ ಒಡೆಯರಲ್ಲ ಅಂದ ಮಾತ್ರಕ್ಕೆ ಯಾರೂ ಮಾಡಲಿಲ್ಲ ಅಂತ ಆಗುವುದಿಲ್ಲ. ಒಡೆತನ ಕೇಳುವುದು ಬೇರೆ, ಹೆಸರು ಕೇಳುವುದು ಬೇರೆ. ನಾನು ಕೇಳುವುದು ಎರಡನೆಯದನ್ನು. ಮಕ್ಕಳ ಪುಸ್ತಕದಲ್ಲಿ "ಯುರೋಪಿನ ಕುಂಬಾರಿಕೆ" ಅಂತ ಬರೆಯುವಾಗ ಬಸ್ರಾ, ಮಾಲಗಾ, ಮನಿಸೆಸ್ ಅನ್ನುವ ಮೂರು ಊರು ಸೇರಿಸಲು ಒಂದು ಸಾಲು ಸಾಕು. ನಮ್ಮ ಕಡೆಯವರಿಗೂ ಅಷ್ಟೇ ಹೇಳುತ್ತೇನೆ. "ಎಲ್ಲಾ ನಾವೇ ಕಂಡುಹಿಡಿದದ್ದು" ಅಂತ ಮೊಬೈಲಿನಲ್ಲಿ ಬರುವ ಸಂದೇಶಗಳನ್ನು ಮುಂದಕ್ಕೆ ತಳ್ಳುವ ಮೊದಲು ಒಬ್ಬ ಕುಂಬಾರನ ಕೆಲಸವನ್ನಾದರೂ ಪೂರ್ತಿ ನೋಡಿ. ಬಸ್ರಾದ ಕುಂಬಾರನ ದೊಡ್ಡಸ್ತಿಕೆ ಇರುವುದು ಮೊದಲಿಗನಾದದ್ದರಲ್ಲಿ ಮಾತ್ರ ಅಲ್ಲ. ಕೈಯಲ್ಲಿಲ್ಲದ ಮಣ್ಣಿಗೆ ಅಳುತ್ತಾ ಕೂರದೆ ಕೈಯಲ್ಲಿದ್ದ ಮಣ್ಣಿನಿಂದ ದಾರಿ ಹುಡುಕಿದನಲ್ಲ, ಅದರಲ್ಲಿ. ನಮ್ಮ ಮಕ್ಕಳಿಗೆ ಬೇಕಾದ ಪಾಠ ಇದು. ಚಪ್ಪಾಳೆಯಲ್ಲಿ ಈ ಪಾಠ ಕಳೆದುಹೋಗುತ್ತೆ.

ಇನ್ನು ಚಿತ್ರ. ಇಲ್ಲಿ ನನಗೆ ಎರಡು ಸಂಕೋಚ. ಹಜರತ್ ಆದಂ ಅಲೈಹಿಸ್ಸಲಾಂ ನಮಗೆ ನಬಿ. ನಬಿಗಳ ಚಿತ್ರ ಬರೆಯುವುದು, ಅದೂ ಬಟ್ಟೆಯಿಲ್ಲದೆ, ನಮ್ಮಲ್ಲಿ ಬಹಳ ಜನಕ್ಕೆ ಒಪ್ಪಿಗೆಯಾಗುವ ವಿಷಯ ಅಲ್ಲ. ಹಾಗಿದ್ದರೂ 1550ರ ಸುಮಾರಿನ ಇರಾನಿನ ಫಾಲ್‌ನಾಮಾ ಚಿತ್ರಗಳಲ್ಲಿ ಆದಂ-ಹವ್ವಾ ಜನ್ನತ್ತಿನಿಂದ ಹೊರಡುವ ಹಾಳೆಯೊಂದಿದೆ. ಅದರಲ್ಲಿ ಆದಂ ಹಾವಿನ ಮೇಲೆ, ಹವ್ವಾ ನವಿಲಿನ ಮೇಲೆ ಕೂತಿದ್ದಾರೆ. ಆದ್ದರಿಂದ ಮುಸ್ಲಿಂ ಜಗತ್ತಿನಲ್ಲಿ ಯಾರೂ ಬರೆಯಲೇ ಇಲ್ಲ ಅನ್ನುವುದು ಸರಿಯಲ್ಲ. ಎರಡನೇ ಸಂಕೋಚ ಹೆಣ್ಣಾಗಿ ನನ್ನದು. ಅದನ್ನು ಆಮೇಲೆ ಹೇಳುತ್ತೇನೆ.

ಚಿತ್ರವಾಗಿ ನೋಡಿದರೆ ಇದು ನುರಿತ ಕೈಯ ಕೆಲಸವಲ್ಲ. ಅಚ್ಚಾದ ಚಿತ್ರಗಳನ್ನು ನೋಡಿ ಬರೆದದ್ದು, ಬರೆದದ್ದನ್ನು ನೋಡಿ ಮತ್ತೊಬ್ಬ ಬರೆದದ್ದು. ಹಾಗೆ ಬರುತ್ತಾ ಬರುತ್ತಾ ಕೈಗಳು ಸೌತೆಕಾಯಿ ಆಗಿವೆ, ಹೊಟ್ಟೆ ಎದೆ ಎಲ್ಲಾ ನಾಲ್ಕು ಗೆರೆಗೆ ಇಳಿದಿವೆ. ಮುಖದಲ್ಲಿ ಭಯವೂ ಇಲ್ಲ, ಆಸೆಯೂ ಇಲ್ಲ. ಆದರೆ ತಟ್ಟೆಯಾಗಿ ನೋಡಿದರೆ ಮಾತೇ ಬೇರೆ. ಗುಂಡಗಿನ ಜಾಗದಲ್ಲಿ ಇಬ್ಬರನ್ನು ನಿಲ್ಲಿಸುವುದು ಸುಲಭವಲ್ಲ. ನಡುವೆ ಮರ ನಿಲ್ಲಿಸಿ, ಕೊಂಬೆಗಳನ್ನು ಅಂಚಿನ ತನಕ ಹರಡಿ, ಕೆಳಗೆ ನೆಲದ ಪಟ್ಟಿ ಎಳೆದು ಕುಂಬಾರ ಅದನ್ನು ಸಲೀಸಾಗಿ ಮಾಡಿದ್ದಾನೆ. ಕೆಲವು ತಟ್ಟೆಗಳಲ್ಲಿ ಎಲೆಗಳನ್ನು ಬರೆದೇ ಇಲ್ಲ, ಸ್ಪಂಜು ಒತ್ತಿ ಹಸಿರು ಮಾಡಿದ್ದಾರೆ. ಅಂಚಿನ ನೀಲಿ ಗೆರೆಗಳು ಒಂದೇ ಕಡೆ ವಾಲಿರುವುದರಿಂದ ತಟ್ಟೆ ತಿರುಗುತ್ತಿರುವ ಹಾಗೆ ಕಾಣುತ್ತೆ. ಅಳಿಸಲಾಗದ ಲೇಪದ ಮೇಲೆ ನಿಲ್ಲದೆ ಓಡಿದ ಕೈಯ ಧೈರ್ಯ ಅದು. ಚೆನ್ನಾಗಿ ಬರೆಯಲು ಬಾರದವನು ಚೆನ್ನಾಗಿ ತುಂಬಿಸಿದ್ದಾನೆ.

ಸೋತಿರುವುದು ಕಥೆಯಲ್ಲಿ. ಇಡೀ ಕಥೆಯಿಂದ ಒಂದೇ ಗಳಿಗೆಯನ್ನು ಆರಿಸಿಕೊಂಡಿದ್ದಾರೆ: ಹೆಣ್ಣು ಹಣ್ಣು ಕೊಡುವ ಗಳಿಗೆ. ಗೋಡೆಯ ಮೇಲೆ ದಿನವೂ ಅದೇ. ಗಂಡ ಊಟಕ್ಕೆ ಕೂತಾಗ, ಹೆಂಡತಿ ಬಡಿಸುವಾಗ, ಮಗಳು ಒಲೆ ಊದುವಾಗ ಅದೇ. ಬೈಬಲಿನಲ್ಲಿ ಹಾವಿದೆ, ಹೆಣ್ಣು ಕೊಟ್ಟದ್ದೂ ಇದೆ. ಆದರೆ ಅಲ್ಲಿ ಹಣ್ಣು ಅಂತ ಮಾತ್ರ ಇದೆ, ಸೇಬು ಯುರೋಪಿನವರು ಸೇರಿಸಿದ್ದು. ನಮ್ಮ ನಾನಿ ಹೇಳುವ ಕಥೆಯಲ್ಲಿ ಅದು ಗೇಹೂಂ, ಅಂದರೆ ಗೋಧಿ. ಕುರ್‌ಆನಿನಲ್ಲಿ ಹಾವೂ ಇಲ್ಲ, ಸೇಬೂ ಇಲ್ಲ, ಗೋಧಿಯೂ ಇಲ್ಲ, ಹವ್ವಾ ಅನ್ನುವ ಹೆಸರೂ ಇಲ್ಲ. ಇರುವುದು ಆದಂ ಮತ್ತು ಅವರ ಸಂಗಾತಿ. ಸೂರಾ ಅಲ್-ಆರಾಫಿನಲ್ಲಿ ಶೈತಾನ ಇಬ್ಬರಿಗೂ ಪಿಸುಗುಟ್ಟುತ್ತಾನೆ, ಇಬ್ಬರೂ ತಿನ್ನುತ್ತಾರೆ, ಇಬ್ಬರೂ ಕೂಡಿ ಕ್ಷಮೆ ಬೇಡುತ್ತಾರೆ. ಸೂರಾ ತಾಹಾದಲ್ಲಿ ಪಿಸುಮಾತು ಆದಮರಿಗೇ. ಹೆಣ್ಣೇ ಕೆಡಿಸಿದಳು ಅನ್ನುವ ಮಾತಿಗೆ ಅಲ್ಲಿ ಜಾಗವಿಲ್ಲ.

ಹಾಗಾದರೆ ನಮ್ಮ ಮನೆಗಳಲ್ಲಿ ಆ ಮಾತು ಎಲ್ಲಿಂದ ಬಂತು? "ಔರತ್ ಕೀ ವಜಹ್ ಸೇ ಜನ್ನತ್ ಗಯೀ" ಅನ್ನುವುದನ್ನು ನಾನು ಮದುವೆ ಮನೆಯಲ್ಲಿ ಕೇಳಿದ್ದೇನೆ, ಸ್ಟಾಫ್ ರೂಮಿನಲ್ಲಿ ತಮಾಷೆಯಾಗಿ ಕೇಳಿದ್ದೇನೆ. ಒಮ್ಮೆ 8ನೇ ತರಗತಿಯ ಹುಡುಗನ ಬಾಯಲ್ಲಿ, ಪಕ್ಕದಲ್ಲಿ ಕೂತ ಹುಡುಗಿಯರಿಗೆ ಕೇಳುವ ಹಾಗೆ ಹೇಳಿದ್ದನ್ನೂ ಕೇಳಿದ್ದೇನೆ. ಕಿಸ್ಸೆ ಕಹಾನಿಗಳಲ್ಲಿ ಹಾವು, ನವಿಲು, ಹೆಣ್ಣಿನ ಮೇಲಿನ ದೂರು ಎಲ್ಲಾ ಸೇರಿಕೊಂಡವು, ನಾವು ಅವನ್ನು ಕಿತಾಬಿನ ಮಾತು ಅಂತ ನಂಬಿಕೊಂಡೆವು. ನಾವು ಆ ಇಂಗ್ಲಿಷ್ ಹರಿವಾಣವನ್ನು ಕಂಡಿಲ್ಲದಿರಬಹುದು, ಆದರೆ ನಮ್ಮ ಗೋಡೆಗೂ ಅದನ್ನು ತೂಗುಹಾಕಿಕೊಂಡಿದ್ದೇವೆ. ಇದು ನನ್ನ ಎರಡನೇ ಸಂಕೋಚ. ಬಸ್ರಾದ ಬಿಳುಪನ್ನು ಅವರು ತಗೊಂಡರು ಅಂತ ಲೆಕ್ಕ ಹಾಕುವ ನಾವು, ಅವರ ಚಿತ್ರವನ್ನು ನಾವು ತಗೊಂಡದ್ದರ ಲೆಕ್ಕವನ್ನೂ ಬರೆದಿಡಬೇಕು.

ಇಲ್ಲಿಗೆ ಹತ್ತಿರದ ಒಂದು ಹೋಲಿಕೆ ಕೊಡುತ್ತೇನೆ. ಲಂಡನ್ನಿನ 1600ರ ತಟ್ಟೆಯ ಕಾಲಕ್ಕೇ ಹೈದರಾಬಾದಿನಲ್ಲಿ ಬಾದ್‌ಷಾಹಿ ಆಶೂರ್‌ಖಾನಾ ಇತ್ತು. ಮುಹಮ್ಮದ್ ಕುಲಿ ಕುತುಬ್ ಷಾ 1590ರ ದಶಕದಲ್ಲಿ ಕಟ್ಟಿಸಿದ್ದು. 1611ರ ಹೊತ್ತಿಗೆ ಗೋಡೆಗಳಿಗೆ ನೀಲಿ, ಹಳದಿ, ಬಿಳಿ, ಹಸಿರು ಮೆರುಗಿನ ಬಿಲ್ಲೆ ಕೂರಿಸಿದರು. ಬೀದರಿನ ಮಹಮೂದ್ ಗವಾನ್ ಮದ್ರಸಾದ ಬಿಲ್ಲೆಗಳು ಇನ್ನೂ ಹಳೆಯವು, ಕಟ್ಟಡ 1472ರದು. ಇವನ್ನು ಮಾಡುವ ಕ್ರಮ ಆ ತಟ್ಟೆಯದಕ್ಕಿಂತ ಬೇರೆ. ಆದರೆ ಮಣ್ಣಿಗೆ ಗಾಜಿನ ಮೆರುಗು ಕೊಟ್ಟು ಬಣ್ಣ ಹಿಡಿಸುವ ದೊಡ್ಡ ಕುಟುಂಬದ ಇನ್ನೊಂದು ಕವಲು, ಇರಾನಿನಿಂದ ಪೂರ್ವಕ್ಕೆ ಬಂದದ್ದು. 1908ರ ಮೂಸಿ ಪ್ರವಾಹದಲ್ಲಿ ಆಶೂರ್‌ಖಾನಾದ ಕೆಳಗಿನ ಬಿಲ್ಲೆಗಳು ಹಾಳಾದವು. ಆಮೇಲೆ ಆ ಜಾಗದಲ್ಲಿ ಬಿಲ್ಲೆಯ ಹಾಗೆ ಕಾಣುವಂತೆ ಬರೀ ಬಣ್ಣ ಬರೆದರು. ಹತ್ತಿರ ಹೋಗಿ ನಿಂತರೆ ಮೇಲಿನದ್ದು ಯಾವುದು, ಕೆಳಗಿನದ್ದು ಯಾವುದು ಅಂತ ಮಕ್ಕಳಿಗೂ ಗೊತ್ತಾಗುತ್ತೆ. ಬೀದರಿನಲ್ಲಿ ಬಿಲ್ಲೆ ಉದುರಿದ ಕಡೆ ಒಳಗಿನ ಗೋಡೆ ಕಾಣುತ್ತದೆ. ಚಿಕ್ಕವಳಿದ್ದಾಗ ನಾನು ಉಳಿದ ನೀಲಿಯನ್ನೇ ನೋಡುತ್ತಿದ್ದೆ. ಈಗ ಹೋದರೆ ಉದುರಿದ ಜಾಗವನ್ನೂ ನೋಡುತ್ತೇನೆ. ಬಿಲ್ಲೆ ಹೇಗೆ ಕೂತಿತ್ತು ಅಂತ ಅದೇ ಹೇಳುವುದು.

ಆ ಇಂಗ್ಲಿಷ್ ತಟ್ಟೆಯ ಕಸುಬೂ ಉಳಿಯಲಿಲ್ಲ. ಲೇಪ ಅಂಚಿನಲ್ಲಿ ಬೇಗ ಚಿಪ್ಪೇಳುತ್ತಿತ್ತು, ಬಿಸಿ ಚಹಾ ಸುರಿದರೆ ಬಿರುಕು. 1760ರ ದಶಕದಲ್ಲಿ ಜೋಸಯಾ ವೆಜ್‌ವುಡ್ ತೆಳ್ಳಗಿನ, ಗಟ್ಟಿಯಾದ ಕೆನೆಬಣ್ಣದ ಪಾತ್ರೆ ತಂದ. ಅ‍ದಕ್ಕೆ ತವರ ಬೇಕಿರಲಿಲ್ಲ, ಯಾಕಂದರೆ ಮಣ್ಣೇ ತಿಳಿ ಬಣ್ಣದ್ದು, ಮುಚ್ಚಬೇಕಾದ್ದು ಏನೂ ಇರಲಿಲ್ಲ. ಆ ಶತಮಾನ ಮುಗಿಯುವಷ್ಟರಲ್ಲಿ ತವರದ ಗೂಡುಗಳು ಹೆಚ್ಚುಕಡಿಮೆ ಆರಿಹೋದವು. ನಾನಾನ ಕಸುಬನ್ನು ಸ್ಟೀಲ್ ಪಾತ್ರೆ ನುಂಗಿದ ಹಾಗೆಯೇ.

ಅಮ್ಮಿಯ ಬಳಿ ನಾನಾ ಕಲಾಯಿ ಹಾಕಿದ ಒಂದು ದೇಗ್ಚಿ ಈಗಲೂ ಇದೆ. ತಳದಲ್ಲಿ ತವರ ಸವೆದು ಕೆಂಪು ತಾಮ್ರ ಕಾಣುತ್ತಿದೆ, ಅದರಲ್ಲಿ ಈಗ ಅಡುಗೆ ಮಾಡುವುದಿಲ್ಲ. ನಾನಾ ಯಾವ ಪಾತ್ರೆಯ ಮೇಲೂ ತಮ್ಮ ಹೆಸರು ಹಾಕಲಿಲ್ಲ. ಪಾತ್ರೆಯ ಮೇಲೆ ಇರುತ್ತಿದ್ದದ್ದು ಒಡೆಯರ ಹೆಸರು.

ಮುಂದಿನ ವರ್ಷದ 9ನೇ ತರಗತಿಗೆ ಈ ತಟ್ಟೆಯ ಎರಡು ಫೋಟೋ ತೋರಿಸಬೇಕು ಅಂತ ಮಾಡಿದ್ದೇನೆ. ಮೊದಲು ಮುಂಬದಿ. ಆಮೇಲೆ ಹಿಂಬದಿ, ಆ ಹಳದಿ ಸೀಸದ ಲೇಪ, ದಾರದ ತೂತು, ಬರೀ ಮಣ್ಣು. "ಇದು ಯಾರದ್ದು" ಅಂತ ಕೇಳುವ ಮೊದಲು "ಇದನ್ನ ಯಾರು ಮಾಡಿದ್ರು, ಅವರು ಯಾರಿಂದ ಕಲಿತ್ರು, ಇದರ ಮೇಲೆ ಬರೆದದ್ದನ್ನ ನಾವು ನಂಬಬೇಕಾ" ಅಂತ ಮೂರು ಪ್ರಶ್ನೆ ಬೋರ್ಡಿನ ಮೇಲೆ ಬರೆಯುತ್ತೇನೆ. ಮೂರನೆಯದಕ್ಕೆ ಮೊದಲು ಉತ್ತರ ಹೇಳಲು ಹುಡುಗಿಯರ ಬೆಂಚನ್ನು ಕೇಳುತ್ತೇನೆ.